ಕಟ್ಟುವ ಮುನ್ನ ಬಿಡಿಸುವುದು: ಇನ್ನೂ ಇಲ್ಲದ ಕಟ್ಟಡಕ್ಕೆ ಪೆನ್ಸಿಲ್ ಚಿತ್ರ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಗ್ರಾಮಸಭೆಯ ಮುಂದೆ ಹೊಸ ಕಟ್ಟಡದ ಪ್ರಸ್ತಾವ ಬರುವಾಗ ಸಾಮಾನ್ಯವಾಗಿ ಅದರೊಡನೆ ಎರಡು ಕಾಗದಗಳಿರುತ್ತವೆ: ಅಂದಾಜು ಪಟ್ಟಿ ಮತ್ತು ನಕ್ಷೆ. ಮೊದಲನೆಯದರಲ್ಲಿ ಹಣ ಕಾಣುತ್ತದೆ, ಎರಡನೆಯದರಲ್ಲಿ ಗೆರೆಗಳು ಕಾಣುತ್ತವೆ, ಕಟ್ಟಡ ಕಾಣುವುದಿಲ್ಲ. ನಕ್ಷೆ ಓದಲು ಬಾರದವರು ಸುಮ್ಮನೆ ಒಪ್ಪಿಬಿಡುತ್ತಾರೆ. ಮೆಟ್ಟಿಲು ಎತ್ತರವಾಯಿತು, ಜಗಲಿಗೆ ಬಿಸಿಲು ಹೊಡೆಯುತ್ತದೆ ಎಂಬ ಮಾತುಗಳು ಗೋಡೆ ಎದ್ದ ಮೇಲೆ ಹೊರಡುತ್ತವೆ. ಕಾಗದದ ಮೇಲೆ ರಬ್ಬರಿನಿಂದ ಮುಗಿಯುತ್ತಿದ್ದ ತಿದ್ದುಪಡಿಗೆ ಆಗ ಸುತ್ತಿಗೆ ಬೇಕಾಗುತ್ತದೆ.

ಇನ್ನೂ ಇಲ್ಲದ ವಸ್ತುವನ್ನು ಕಲ್ಪಿಸಿ ಬಿಡಿಸುವುದು ಹುಟ್ಟು ಕಲಾವಿದರಿಗೆ ಮಾತ್ರ ಒಲಿಯುವ ವಿದ್ಯೆಯಲ್ಲ. ಅದರ ಬಹುಭಾಗ ಅಳತೆಯ ಲೆಕ್ಕ. ಇಟಲಿಯ ಲಿಯಾನ್ ಬತ್ತಿಸ್ತ ಆಲ್ಬರ್ಟಿಯು 1435ರಲ್ಲಿ ರಚಿಸಿದ ಚಿತ್ರಕಲಾ ಗ್ರಂಥದಲ್ಲಿ, ಚಿತ್ರದೊಳಗಿನ ಮನುಷ್ಯನ ಎತ್ತರವನ್ನೇ ಅಳತೆಗೋಲಾಗಿ ಇರಿಸಿಕೊಳ್ಳುವ ಕ್ರಮವನ್ನು ವಿವರಿಸಿದನು. ಈ ಪಾಠವೂ ಅದೇ ದಾರಿಯನ್ನು ಹಿಡಿದಿದೆ. ಉದಾಹರಣೆಗೆ ಒಂದು ಅರಿವು ಕೇಂದ್ರವನ್ನು ತೆಗೆದುಕೊಳ್ಳೋಣ: ಪೂರ್ವಕ್ಕೆ ಮುಖ, ಮುಂಭಾಗದ ಅಗಲ 6 ಮೀಟರ್, ತಳಪಾಯದ ಕಟ್ಟೆ 45 ಸೆಂಟಿಮೀಟರ್, ಅದರ ಮೇಲೆ ಗೋಡೆ 3 ಮೀಟರ್, ಬಾಗಿಲು 2.1 ಮೀಟರ್.

1. ಕಿರುಚಿತ್ರಗಳು

ದೊಡ್ಡ ಹಾಳೆಗೆ ಕೈಹಚ್ಚುವ ಮೊದಲು ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಟ್ಟುಗಳಲ್ಲಿ ಮೂರು ನಾಲ್ಕು ಚಿತ್ರ ಗೀಚತಕ್ಕದ್ದು. ಕಿಟಕಿ, ಹೆಂಚು, ಫಲಕಗಳ ವಿವರ ಇಲ್ಲಿ ಬೇಡ. ನೋಡುವವನು ಎಲ್ಲಿ ನಿಂತಿದ್ದಾನೆ, ಕಟ್ಟಡದ ಯಾವ ಪಾರ್ಶ್ವ ಕಾಣಬೇಕು, ರಸ್ತೆ, ಮರ, ಚರಂಡಿಗಳು ಎಲ್ಲಿವೆ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾಕು. ಅವುಗಳಲ್ಲಿ ಹೆಚ್ಚು ಸ್ಪಷ್ಟವಾದ ಒಂದನ್ನು ಆರಿಸಿಕೊಳ್ಳುವುದು.

2. ಕಣ್ಣಿನ ಮಟ್ಟದ ಗೆರೆ

ಎ4 ಹಾಳೆಯನ್ನು ಅಡ್ಡಲಾಗಿ ಇರಿಸಿ, ಕೆಳಅಂಚಿನಿಂದ 9 ಸೆಂಟಿಮೀಟರ್ ಮೇಲೆ ಎಚ್.ಬಿ. ಪೆನ್ಸಿಲಿನಿಂದ ತೆಳುವಾದ ಅಡ್ಡಗೆರೆ ಎಳೆಯುವುದು. ಇದು ನೋಡುವವನ ಕಣ್ಣಿನ ಮಟ್ಟ, ನೆಲದಿಂದ 1.5 ಮೀಟರ್ ಎಂದು ಇಟ್ಟುಕೊಳ್ಳೋಣ. ಸಮತಟ್ಟು ನೆಲದಲ್ಲಿ ಯಾವುದೇ ವಸ್ತುವಿನ ಬುಡದಿಂದ ಈ ಗೆರೆಯವರೆಗಿನ ಅಂತರ, ಆ ವಸ್ತು ಹತ್ತಿರವಿರಲಿ ದೂರವಿರಲಿ, 1.5 ಮೀಟರನ್ನೇ ಸೂಚಿಸುತ್ತದೆ. ಆದುದರಿಂದ 6 ಮೀಟರ್ ಎತ್ತರದ ಮರ ಆ ಅಂತರದ ನಾಲ್ಕು ಪಟ್ಟು. 1 ಮೀಟರ್ ಎತ್ತರದ ಮಗು ಅದರ ಮೂರನೆಯ ಎರಡು ಭಾಗ. ಈ ಒಂದು ನಿಯಮ ತಿಳಿದರೆ ಚಿತ್ರದಲ್ಲಿ ಯಾವುದೂ ಅಳತೆ ತಪ್ಪಿ ನಿಲ್ಲುವುದಿಲ್ಲ.

3. ಪೆಟ್ಟಿಗೆ

ಕಟ್ಟಡವನ್ನು ಮೊದಲು ಬರಿಯ ಪೆಟ್ಟಿಗೆಯಾಗಿ ಕಾಣಬೇಕು. ಅದರ ಬುಡವನ್ನು ಕಣ್ಣಿನ ಗೆರೆಯಿಂದ 3 ಸೆಂಟಿಮೀಟರ್ ಕೆಳಗೆ ಇರಿಸಿದರೆ, ಮುಂಗೋಡೆಯ ಮೇಲೆ 2 ಸೆಂಟಿಮೀಟರ್ ಎಂದರೆ 1 ಮೀಟರ್. ಅಗಲ 12 ಸೆಂಟಿಮೀಟರ್, ಕಟ್ಟೆ 9 ಮಿಲಿಮೀಟರ್, ಅದರ ಮೇಲೆ ಗೋಡೆ 6 ಸೆಂಟಿಮೀಟರ್, ಬಾಗಿಲು 4.2 ಸೆಂಟಿಮೀಟರ್ ಆಗುತ್ತದೆ. ಬಳಿಕ ಕಟ್ಟಡದ ಬಲ ಅಂಚಿನಿಂದ 5 ಸೆಂಟಿಮೀಟರ್ ಆಚೆ, ಕಣ್ಣಿನ ಗೆರೆಯ ಮೇಲೆಯೇ, ಒಂದು ಚುಕ್ಕೆ ಇಡುವುದು. ಮುಂಗೋಡೆಯ ಬಲ ಮೂಲೆಗಳಿಂದ ಈ ಚುಕ್ಕೆಗೆ ಗೆರೆ ಎಳೆದು, ತಕ್ಕ ದೂರದಲ್ಲಿ ಲಂಬ ಗೆರೆಯಿಂದ ಕಡಿದರೆ ಪಕ್ಕದ ಗೋಡೆ ಮೂಡುತ್ತದೆ. ಆ ಗೋಡೆಯ ನಡುವೆ ಕಿಟಕಿ ಬೇಕಾದಲ್ಲಿ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನು ಎಳೆಯುವುದು. ಅವು ಕೂಡುವಲ್ಲಿ ಗೋಡೆಯ ನಿಜವಾದ ಮಧ್ಯವಿದೆ. ಪಟ್ಟಿಯಿಂದ ಅಳೆದ ಮಧ್ಯ ಇಲ್ಲಿ ತಪ್ಪಾಗುತ್ತದೆ.

4. ಚಿತ್ರ ಕೇಳುವ ಪ್ರಶ್ನೆ

ಗಾಲಿಕುರ್ಚಿಯವರಿಗೂ ವೃದ್ಧರಿಗೂ ಇಳಿಜಾರು ದಾರಿ ಬೇಕು. 1 ಭಾಗ ಏರಲು 12 ಭಾಗ ಉದ್ದ ಎಂಬ ಪ್ರಮಾಣದಲ್ಲಿ 45 ಸೆಂಟಿಮೀಟರ್ ಕಟ್ಟೆಗೆ 5.4 ಮೀಟರ್ ದಾರಿ ಬೇಕಾಗುತ್ತದೆ. ಬಾಗಿಲು ನಡುವಿನಲ್ಲಿದ್ದು, ಅದರ ಮುಂದೆ 1.5 ಮೀಟರ್ ಅಗಲದ ಸಮತಟ್ಟು ಜಾಗ ಬಿಟ್ಟರೆ, ಗೋಡೆಯುದ್ದಕ್ಕೂ ಎಡಕ್ಕೆ ಇಳಿಯುವ ದಾರಿಗೆ ಉಳಿಯುವುದು 2.25 ಮೀಟರ್ ಮಾತ್ರ. ಮಿಕ್ಕ 3.15 ಮೀಟರ್ ಕಟ್ಟಡದ ಅಂಚನ್ನು ದಾಟಿ, ಚಿತ್ರದಲ್ಲಿ 6 ಸೆಂಟಿಮೀಟರಿಗೂ ಹೆಚ್ಚು, ಚರಂಡಿಯ ಮೇಲೆ ಚಾಚಿಕೊಳ್ಳಬಹುದು. ಅದೇ ಬಾಗಿಲನ್ನು ಬಲತುದಿಗೆ ಸರಿಸಿ, ಸಮತಟ್ಟು ಜಾಗವನ್ನೂ ಆ ತುದಿಗೇ ಇರಿಸಿದರೆ ದಾಟುವುದು 90 ಸೆಂಟಿಮೀಟರ್ ಮಾತ್ರ. ಕಟ್ಟೆಯನ್ನು 30 ಸೆಂಟಿಮೀಟರಿಗೆ ಇಳಿಸಿದರೆ 3.6 ಮೀಟರ್ ದಾರಿಯೇ ಸಾಕು. ಆದರೆ ಮಳೆನೀರು ಎಲ್ಲಿಯವರೆಗೆ ಬರುತ್ತದೆಂಬುದನ್ನು ಊರಿನವರೇ ಹೇಳಬೇಕು. ದಾರಿಯನ್ನು ಜಾಗಕ್ಕೆ ಹೊಂದಿಸಲು ಕಡಿದಾಗಿಸಿದರೆ ಅದು ಹೆಸರಿಗಷ್ಟೇ ಇರುತ್ತದೆ. ಈ ಚರ್ಚೆ ಗ್ರಾಮಸಭೆಯಲ್ಲಿ ನಡೆಯಬೇಕಾದರೆ ದಾರಿ ಎಲ್ಲರ ಕಣ್ಣಿಗೆ ಕಾಣಬೇಕು.

5. ಬೆಳಕು ಮತ್ತು ನೆರಳು

ಬೆಳಕಿನ ದಿಕ್ಕು ಚಿತ್ರವಿಡೀ ಒಂದೇ ಆಗಿರತಕ್ಕದ್ದು. ಬೆಳಗಿನ ಬಿಸಿಲೆಂದು ಗೊತ್ತುಮಾಡಿದರೆ ಪೂರ್ವದ ಮುಂಗೋಡೆ ಹಾಳೆಯ ಬಿಳುಪಿನಲ್ಲೇ ಉಳಿಯುತ್ತದೆ. ಬಲಗಡೆಯ ಉತ್ತರದ ಗೋಡೆಗೆ 2ಬಿ ಪೆನ್ಸಿಲಿನ ನಡುಛಾಯೆ. ಸಜ್ಜದ ಕೆಳಭಾಗ ಮತ್ತು ತೆರೆದ ಬಾಗಿಲಿನ ಒಳಗೆ 4ಬಿ ಪೆನ್ಸಿಲಿನ ಗಾಢ ಕಪ್ಪು. ಮೂರು ಛಾಯೆಗಳು ಸಾಕು. ಗಾಢ ಬಣ್ಣವನ್ನು ಕೊನೆಗೆ ಹಾಕುವುದು. ಮೊದಲೇ ಒತ್ತಿದ ಗೆರೆ ಅಳಿಸಿದರೂ ಕಾಗದದಲ್ಲಿ ಗುರುತು ಉಳಿಸುತ್ತದೆ. ಕಟ್ಟಡದ ಮುಖವನ್ನು ಪಶ್ಚಿಮಕ್ಕೆ ತಿರುಗಿಸಿ ಇನ್ನೊಂದು ಕಿರುಚಿತ್ರ ಬಿಡಿಸಿದರೆ, ಶಾಲೆ ಬಿಟ್ಟು ಬರುವ ಮಕ್ಕಳು ಸಂಜೆಯ ಬಿಸಿಲಿನಲ್ಲಿ ಕೂರಬೇಕಾಗುವುದು ತಾನೇ ತಿಳಿಯುತ್ತದೆ.

ಇಂತಹ ಚಿತ್ರವು ಅಭಿಯಂತರರ ನಕ್ಷೆಗೂ ಅಂದಾಜು ಪಟ್ಟಿಗೂ ಬದಲಿಯಲ್ಲ. ಇದನ್ನು ತಾಂತ್ರಿಕ ನಕ್ಷೆ ಅಂತಿಮವಾಗುವ ಮೊದಲು ತೋರಿಸಿದರೆ ಮಾತ್ರ ಪ್ರಯೋಜನ. ಚಿತ್ರವನ್ನು ಅಂದಗೊಳಿಸಲು ಇಲ್ಲದ ಮರ, ಇಲ್ಲದ ಅಂಗಳ ಸೇರಿಸಕೂಡದು. ಅದು ಸಭೆಗೆ ಕೊಟ್ಟ ಸುಳ್ಳು ಮಾಹಿತಿಯಾಗುತ್ತದೆ.

ಅಭ್ಯಾಸ: ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಬೇಡಿಕೆಯಿರುವ ಒಂದು ಕಾಮಗಾರಿಯನ್ನು ಆರಿಸಿ, ಸ್ಥಳದ ಉದ್ದಗಲಗಳನ್ನು ಟೇಪಿನಿಂದ ಅಳೆದು, ಮೇಲಿನ ಕ್ರಮದಲ್ಲಿ ಚಿತ್ರ ರಚಿಸುವುದು. ನಕ್ಷೆ ಓದಲು ಬಾರದ ಇಬ್ಬರಿಗೆ ಅದನ್ನು ತೋರಿಸಿ, ಅವರು ಕೇಳಿದ ಪ್ರಶ್ನೆಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡು ಮುಂದಿನ ಗ್ರಾಮಸಭೆಗೆ ತರುವುದು.