ತುಕ್ಕು ಹಿಡಿದ ಬೋಲ್ಟು

ಪಿಕಪ್ ಗಾಡಿಯ ಹಿಂದಿನ ಭಾರ ಹೊರುವುದು ಕಮಾನು ಪಾಟಾ. ಮಳೆ, ಕೆಸರು ತಾಗಿ ಅದರ ಬೋಲ್ಟಿಗೆ ತುಕ್ಕು ಹಿಡಿಯುತ್ತದೆ. ಆಗ ಎಷ್ಟು ಜಗ್ಗಿದರೂ ಅಲ್ಲಾಡಂಗಿಲ್ಲ. ಅವಸರ ಬೇಡ. ಹೀಗೆ ಮಾಡಿ:

1. ಗಾಡಿ ಸಮನೆಲದಲ್ಲಿ ನಿಲ್ಲಿಸಿ. ಚಕ್ರಕ್ಕೆ ಅಡ್ಡಗಲ್ಲು ಕೊಡಿ.

2. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ. ಒಂದು ರಾತ್ರಿ ನೆನೆಯಲಿ.

3. ಬೆಳಿಗ್ಗೆ ಗಾಡಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಜಾಕ್ ಜಾರಿದರೆ ಜೀವಕ್ಕೇ ಅಪಾಯ.

4. ಅಳತೆಗೆ ಸರಿಯಾದ ಪಾನಾ ಹಾಕಿ. ಸ್ವಲ್ಪ ಬಿಗಿ ಮಾಡಿ, ಆಮೇಲೆ ಸಡಿಲಿಸಿ.

5. ಬಿಡಲಿಲ್ಲವೇ? ಬೆಂಕಿ ಹಿಡಿಯಬೇಡಿ. ಎಣ್ಣೆ, ರಬ್ಬರ್ ಹೊತ್ತಿಕೊಳ್ಳುತ್ತವೆ. ಮೆಕ್ಯಾನಿಕ್ ಕತ್ತರಿಸಿ ತೆಗೆಯಲಿ.

ಹಳೇ ಬೋಲ್ಟು ಮತ್ತೆ ಹಾಕಬೇಡಿ. ಹೊಸದನ್ನೇ ಹಾಕಿ.

ಉತ್ತರ ಬರೆಯಿರಿ: ಬರೀ ಜಾಕ್ ಏಕೆ ನಂಬಬಾರದು?