ಹಿಪ್ಪೊಕ್ಯಾಂಪ್‌ ಸೇರಿಸುವ ಮುನ್ನ

ನೆಪ್ಚೂನಿನ ಪುಟ್ಟ ಚಂದ್ರ ಹಿಪ್ಪೊಕ್ಯಾಂಪ್‌ ಅನ್ನು ನಿಮ್ಮ ಬಾಹ್ಯಾಕಾಶ ಸಿಮ್ಯುಲೇಟರ್‌ಗಳಾದ ಆರ್ಬಿಟರ್‌ ಅಥವಾ ಸೆಲೆಸ್ಟಿಯಾಕ್ಕೆ ಸೇರಿಸುವ ಮನಸ್ಸಿದೆಯೇ? ಖಂಡಿತ ಸೇರಿಸಿ. 1989ರಲ್ಲಿ ಪಕ್ಕದಲ್ಲೇ ಹಾದುಹೋದ ವಾಯೇಜರ್‌ 2 ನೌಕೆಯ ಕಣ್ಣಿಗೂ ಬೀಳದ ಚಂದ್ರ ಅದು. ಹಬಲ್‌ ದೂರದರ್ಶಕದ ಹಳೆಯ ಚಿತ್ರಗಳನ್ನು ಜಾಲಾಡಿ ಖಗೋಳ ವಿಜ್ಞಾನಿ ಮಾರ್ಕ್‌ ಶೋವಾಲ್ಟರ್‌ ಅದನ್ನು ಪತ್ತೆ ಹಚ್ಚಿದ್ದು 2013ರಲ್ಲಿ. ಹೆಸರು ಸಿಕ್ಕಿದ್ದು 2019ರಲ್ಲಿ.

ಮೊದಲು ಮಾನಗಳನ್ನು ನೋಡಿಕೊಳ್ಳಿ. ನೆಪ್ಚೂನಿನ ಕೇಂದ್ರದಿಂದ ಅದರ ದೂರ ಸುಮಾರು 1,05,300 ಕಿ.ಮೀ., ಒಂದು ಸುತ್ತಿಗೆ 0.95 ದಿನ. ಸೆಲೆಸ್ಟಿಯಾ ಚಂದ್ರರ ಕಕ್ಷೆಗೆ ಕಿಲೋಮೀಟರ್‌ ಮತ್ತು ದಿನ ಕೇಳುತ್ತದೆ. ಆರ್ಬಿಟರ್‌ಗೆ ಮೀಟರ್‌, ಸೆಕೆಂಡ್‌ ಬೇಕು. ಕಕ್ಷೆಯ ವಾಲಿಕೆಯನ್ನು ನೆಪ್ಚೂನಿನ ಸಮಭಾಜಕದಿಂದಲೇ ಅಳೆಯಿರಿ. ಆ ಗ್ರಹದ ಅಕ್ಷ 28 ಡಿಗ್ರಿ ವಾಲಿರುವುದರಿಂದ, ಇಲ್ಲಿ ತಪ್ಪಿದರೆ ಹಿಪ್ಪೊಕ್ಯಾಂಪ್‌ ತನ್ನ ನೆರೆಯ ಚಂದ್ರ ಪ್ರೋಟಿಯಸ್‌ನ ಸಮತಲವನ್ನೇ ಬಿಟ್ಟು ಎಲ್ಲೋ ಸುತ್ತುತ್ತದೆ.

ದ್ರವ್ಯರಾಶಿಯನ್ನು ಯಾರೂ ಅಳೆದಿಲ್ಲ. ವ್ಯಾಸ ಸುಮಾರು 35 ಕಿ.ಮೀ. ಎಂದಿಟ್ಟುಕೊಂಡು, ಮಂಜುಗಡ್ಡೆಯ ಸಾಂದ್ರತೆಯಿಂದ ಲೆಕ್ಕ ಹಾಕಿ, ಅದು ಅಂದಾಜು ಎಂದು ಕಡತದಲ್ಲೇ ಬರೆದಿಡಿ. ಆಗ ವಿಮೋಚನಾ ವೇಗ ಸೆಕೆಂಡಿಗೆ 13 ಮೀಟರ್‌ ಆಸುಪಾಸು ಬರುತ್ತದೆ. ಅದರ ಗುರುತ್ವದ ಹಿಡಿತವೂ ಕೇಂದ್ರದಿಂದ 45 ಕಿ.ಮೀ. ದಾಟುವುದಿಲ್ಲ. ಹಾಗಾಗಿ ಅದನ್ನು ಸುತ್ತಲು ಹೋಗಬೇಡಿ. ಬಾಹ್ಯಾಕಾಶ ನಿಲ್ದಾಣವನ್ನು ಸೇರುವಂತೆ ನಿಧಾನವಾಗಿ ಹತ್ತಿರ ಹೋಗಿ ಇಳಿಯಿರಿ.

ಮೇಲ್ಮೈಗೆ ಚೆಂದದ ಕುಳಿಗಳನ್ನು ಬಿಡಿಸುವ ಆಸೆ ಬರುತ್ತದೆ. ನಮ್ಮಲ್ಲಿರುವುದು ಹಬಲ್‌ ಕಂಡ ಒಂದು ಮಸುಕು ಚುಕ್ಕೆ ಮಾತ್ರ. ಸದ್ಯಕ್ಕೆ ಸಾದಾ ಬೂದುಬಣ್ಣ ಹಚ್ಚಿದರೆ ಸಾಕು.