ಹೆಸರು, ಬರವಣಿಗೆ, ಮೌನ: ‘ದಟ್ ಲಾಂಗ್ ಸೈಲೆನ್ಸ್’ ಕಾದಂಬರಿಯ ಜಯಾ

ಶಶಿ ದೇಶಪಾಂಡೆ ಅವರು 1938ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ಕನ್ನಡ ನಾಟಕಕಾರ ಶ್ರೀರಂಗರ ಮಗಳು. ಬರೆದದ್ದು ಇಂಗ್ಲಿಷಿನಲ್ಲಿ. 1988ರಲ್ಲಿ ಪ್ರಕಟವಾದ ಅವರ ‘ದಟ್ ಲಾಂಗ್ ಸೈಲೆನ್ಸ್’ ಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಇದನ್ನು ದಾಂಪತ್ಯದಲ್ಲಿ ದನಿ ಕಳೆದುಕೊಂಡ ಹೆಣ್ಣಿನ ಕಥೆಯೆಂದು ಓದುವುದು ಸುಲಭ. ಆದರೆ ನಡುವಯಸ್ಸಿನ ಜಯಾ ನಡೆಸುವ ವಿಚಾರಣೆಯಲ್ಲಿ ಗಂಡನ ಜೊತೆಗೆ ಅವಳೂ ಕಟಕಟೆಯಲ್ಲಿ ನಿಲ್ಲುತ್ತಾಳೆ.

ಕಚೇರಿಯ ಅವ್ಯವಹಾರದ ಆರೋಪಕ್ಕೆ ಒಳಗಾದ ಮೋಹನ್ ಹೆಂಡತಿಯೊಡನೆ ಮುಂಬಯಿಯ ದಾದರ್‌ನಲ್ಲಿರುವ ಹಳೆಯ ಮನೆಗೆ ಬರುತ್ತಾನೆ. ಮಕ್ಕಳು ಜೊತೆಗಿಲ್ಲ, ಗೃಹಕೃತ್ಯದ ದಿನಚರಿ ನಿಂತಿದೆ. ಆ ಬಿಡುವಿನಲ್ಲಿ ‘ತಾನು ಯಾರು’ ಎಂಬ ಪ್ರಶ್ನೆ ಏಳುತ್ತದೆ. ತಂದೆ ಇಟ್ಟ ‘ಜಯಾ’ ಗೆಲುವಿನ ಹೆಸರು. ಮದುವೆಯಲ್ಲಿ ಗಂಡ ಇಟ್ಟ ‘ಸುಹಾಸಿನಿ’ ನಗುಮೊಗದ ಗೃಹಿಣಿಯ ಹೆಸರು. ತವರಿನ ವಂಶವೃಕ್ಷದಲ್ಲಿಯೂ ಅವಳಿಗೆ ಸ್ಥಾನವಿಲ್ಲ.

ಬರವಣಿಗೆಯ ಪ್ರಶ್ನೆ ಇನ್ನೂ ಜಟಿಲವಾದುದು. ಬಹುಮಾನ ಪಡೆದ ಅವಳ ಕಥೆಯಲ್ಲಿ ಓದುಗರು ತನ್ನನ್ನೇ ಕಾಣುತ್ತಾರೆಂದು ಮೋಹನ್ ನೊಂದುಕೊಂಡ. ಅವಳು ಆ ಬಗೆಯ ಕಥೆ ಬಿಟ್ಟು ‘ಸೀತಾ’ ಎಂಬ ಹಗುರ ಅಂಕಣದ ಆಸರೆ ಪಡೆದಳು. ತನ್ನ ಬರವಣಿಗೆಗೆ ಗಂಡನೇ ಅಡ್ಡಿಯಾದನೆಂಬ ನಂಬಿಕೆ ಕ್ರಮೇಣ ಸಡಿಲವಾಗುತ್ತದೆ. ಸೋಲಿನ ಭಯವೂ ಕಾರಣವೆಂದು ಅವಳು ಒಪ್ಪಿಕೊಳ್ಳುತ್ತಾಳೆ. ಬರೆಯಲು ಒತ್ತಾಯಿಸುತ್ತಿದ್ದ ನೆರೆಮನೆಯ ಕಾಮತ್ ಸತ್ತು ಬಿದ್ದಿದ್ದನ್ನು ಕಂಡೂ ಅವಳು ಯಾರಿಗೂ ತಿಳಿಸದೆ ಹೊರಟುಬಂದಿದ್ದಳು. ಆ ಗಳಿಗೆಯಲ್ಲಿ ಬಾಯಿ ಮುಚ್ಚಿಸುವವರು ಯಾರೂ ಎದುರಿಗಿರಲಿಲ್ಲ. ಗೃಹಿಣಿಯ ಮರ್ಯಾದೆಗೆ ಅಂಜಿ ಅವಳೇ ಆ ಮೌನವನ್ನು ಆರಿಸಿಕೊಂಡಳು.

ಇದರಿಂದ ಪುರುಷಪ್ರಧಾನ ವ್ಯವಸ್ಥೆಯ ಹೊಣೆ ಹಗುರವಾಗದು. ನೋವನ್ನು ನುಂಗಿಯೇ ತೀರಿಕೊಂಡ ಮೋಹನನ ತಾಯಿ ಮತ್ತು ತಂಗಿ ವಿಮಲಾರ ಕಥೆಗಳು ಜಯಾಳ ಮೌನಕ್ಕೆ ಪರಂಪರೆಯೊಂದನ್ನು ಒದಗಿಸುತ್ತವೆ. ಸಂಸ್ಕೃತ ನಾಟಕಗಳಲ್ಲಿ ಸ್ತ್ರೀಪಾತ್ರಗಳು ಸಾಮಾನ್ಯವಾಗಿ ಪ್ರಾಕೃತದಲ್ಲಿ ಮಾತನಾಡುವ ಕಟ್ಟಳೆಯನ್ನು ಕಾದಂಬರಿ ಕೊನೆಯಲ್ಲಿ ನೆನೆಯುತ್ತದೆ. ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ಅನುವಾದಿಸಿದ ಶ್ರೀರಂಗರ ಮಗಳ ಕೃತಿಯಲ್ಲಿ ಈ ಉಲ್ಲೇಖ ಗಮನಾರ್ಹ. ಗಂಡ ಕೇಳಬಯಸಿದ್ದನ್ನೇ ಆಡುತ್ತ ಬಂದ ತನ್ನ ಭಾಷೆಯೂ ಅಂತಹ ಪ್ರಾಕೃತವೆಂದು ಜಯಾ ಅರಿಯುತ್ತಾಳೆ.

ಅವಳು ಮನೆ ಬಿಡುವುದಿಲ್ಲ. ಮೌನವನ್ನು ಮುರಿಯಲು ನಿರ್ಧರಿಸುತ್ತಾಳೆ. ಜಯಾಳನ್ನು ಕೇವಲ ಶೋಷಿತೆಯೆಂದು ಓದಿದರೆ ಹಿಂದಿನ ಆಯ್ಕೆಗಳ ಹೊಣೆಯೊಡನೆ ಮುಂದಿನ ಆಯ್ಕೆಯ ಹಕ್ಕನ್ನೂ ಅವಳಿಂದ ಕಸಿದುಕೊಂಡಂತಾಗುತ್ತದೆ.